ಗಾಂಧಿ ಬಜಾರಿನ ಮೂಳೆ ತೋರಿಸುವ ಪೆಟ್ಟಿಗೆಗೆ

ಚಾಮರಾಜಪೇಟೆ
ಭಾದ್ರಪದ, ೧೯೫೪

ಗಾಂಧಿ ಬಜಾರಿನ ಬೂಟಿನ ಅಂಗಡಿಯಲ್ಲಿ, ಗಾಜಿನ ಬೀರುವಿನ ಪಕ್ಕ ಬಿಜಯಮಾಡಿಸಿ, ಬೂಟು ಸರಿಹೊಂದಿತೇ ಎಂದು ಕಾಲಿನ ಮೂಳೆ ತೋರಿಸಿ ಹೇಳುವ ಎಕ್ಸ್-ರೇ ಪೆಟ್ಟಿಗೆಯವರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಕ್ಷೇಮವೆಂದು ಬಲ್ಲೆ, ಏಕೆಂದರೆ ತಮಗೆ ದಿನಕ್ಕೆರಡು ಸಲ ಮೆತ್ತನೆಯ ಬಟ್ಟೆಯಿಂದ ಧೂಳು ಒರೆಸುವುದನ್ನು ಕಣ್ಣಾರೆ ಕಂಡಿದ್ದೇನೆ. ನಾವು ಕ್ಷೇಮವೋ ಅಲ್ಲವೋ ತಿಳಿಯದೆ ಈ ಪತ್ರ ಬರೆಯುತ್ತಿದ್ದೇನೆ.

ಕಳೆದ ಆಯುಧಪೂಜೆಯ ದಿನ ತಮಗೆ ವಿಭೂತಿ ಹಚ್ಚಿ, ಕುಂಕುಮವಿಟ್ಟು, ಸೇವಂತಿಗೆ ಹಾರ ಹಾಕಿ, ಬೀದಿಯ ಮಕ್ಕಳಿಗೆಲ್ಲ ಬಿಟ್ಟಿ ಮೂಳೆದರ್ಶನ ಏರ್ಪಡಿಸಿದ್ದು ತಮಗೆ ನೆನಪಿರಬಹುದು. ಪೂಜೆಯಾದ ಯಂತ್ರದ ಪ್ರಸಾದವನ್ನು ಬೇಡವೆನ್ನುವ ರೂಢಿ ನಮ್ಮಲ್ಲಿಲ್ಲವಾದ್ದರಿಂದ ನನ್ನ ಅತ್ತೆ ಸರ್ವಮಂಗಳಮ್ಮನವರು ನಾಲ್ಕು ವರ್ಷದ ಮೊಮ್ಮಗಳನ್ನು ತಮ್ಮ ಮೇಲೆ ಮೂರು ಸಲ ನಿಲ್ಲಿಸಿದರು. ಮೇಲಿನ ಕಿಂಡಿಯಲ್ಲಿ ಬಗ್ಗಿ ನೋಡುತ್ತ, ಐದು ತಿಂಗಳ ಬಸುರಿಯಾದ ನಾನು ನನ್ನ ಹೊಟ್ಟೆಯನ್ನು ತಮ್ಮ ಮರದ ಮೈಗೆ ಒತ್ತಿಕೊಂಡೇ ನಿಂತಿದ್ದೆ. ಹಸಿರು ಬೆಳಕಿನಲ್ಲಿ ಮಗಳ ಕಾಲ್ಬೆರಳ ಮೂಳೆಗಳು ಕುಣಿದವು. ಮನೆಗೆ ಬಂದು ಅತ್ತೆಯವರು ಮಗುವಿಗೆ ದೃಷ್ಟಿ ತೆಗೆದರು. ಕಿಂಡಿಯಲ್ಲಿ ಇಣುಕಿದವರ ಕಣ್ಣನ್ನು ಮಾತ್ರ ಅವರು ಅನುಮಾನಿಸಿದ್ದರು, ಪೆಟ್ಟಿಗೆಯವರಾದ ತಮ್ಮ ಕಣ್ಣನ್ನಲ್ಲ.

ನಾನು ಸಸ್ಯಶಾಸ್ತ್ರ ಓದಿದವಳು. ಈರುಳ್ಳಿ ಬೇರಿನ ತುದಿಯಲ್ಲಿ ಕ್ರೋಮೋಸೋಮುಗಳೆಂಬ ದಾರದ ತುಂಡುಗಳನ್ನು ತೋರಿಸಿ, ನಮ್ಮ ಉಪನ್ಯಾಸಕಿ ಶೈಲಜಮ್ಮನವರು, "ಎಕ್ಸ್-ರೇ ಬಿದ್ರೆ ಈ ದಾರ ಪಟ್ ಅಂತ ಕಡಿಯತ್ತೆ ಕಣ್ರಮ್ಮ, ಅಡ್ಡಾದಿಡ್ಡಿ ಕೂಡ್ಕೊಂಡ್ರೆ ಎಷ್ಟೋ ವರ್ಷ ಆದ್ಮೇಲೆ ಕ್ಯಾನ್ಸರ್ ಆಗಿ ಎದ್ದು ಬರತ್ತೆ" ಎಂದಿದ್ದರು. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಹತ್ತಕ್ಕೆ ಒಂಬತ್ತು ಬಂದಿತ್ತು. ಹಾಗೆ ಒಂಬತ್ತು ತೆಗೆದುಕೊಂಡವಳೇ ತಮಗೆ ಒರಗಿ ನಿಂತಿದ್ದು ತಮ್ಮ ವರ್ಚಸ್ಸಿಗೆ ಸಾಕ್ಷಿ.

ಅಂದು ಹೊಟ್ಟೆಯಲ್ಲಿದ್ದ ಕೂಸಿಗೀಗ ಏಳು ತಿಂಗಳು. ಇಪ್ಪತ್ತು ಬೆರಳುಗಳನ್ನು ದಿನವೂ ಹತ್ತು ಸಲ ಎಣಿಸುತ್ತೇನೆ, ಒಮ್ಮೆಯೂ ಕಡಿಮೆ ಬಂದಿಲ್ಲ, ಆದರೂ ನಿದ್ದೆ ಬರುವುದಿಲ್ಲ. ಡಾಕ್ಟರರು, "ಏನೂ ಆಗಿಲ್ಲ ತಾಯಿ, ನಿಮಗೆ ಓದಿದ್ದು ಜಾಸ್ತಿಯಾಗಿದೆ" ಎಂದು ಟಾನಿಕ್ ಬರೆದುಕೊಟ್ಟರು, ಅದೂ ನನಗೆ.

ಹೋದ ವಾರ ತಮ್ಮ ಯಜಮಾನರಿಗೆ ಇದನ್ನೆಲ್ಲ ಹೇಳೋಣವೆಂದು ಬಂದಿದ್ದೆ. "ಫಾರಿನ್ ಮಿಷನ್ ಕಣಮ್ಮ, ಅದಕ್ಕೆ ಸುಳ್ಳು ಹೇಳಕ್ಕೆ ಬರಲ್ಲ" ಎಂದರು. ಒಪ್ಪಿದೆ. ಆಗಲೇ ತಮ್ಮ ಸೇವಕ ರಾಮಾಂಜಿನಪ್ಪನವರು ಯಾರದೋ ಮಗುವಿನ ಬೂಟಿನ ತುದಿ ಒತ್ತಲೆಂದು, ಎಂಟು ವರ್ಷದಿಂದ ಮಾಡುತ್ತ ಬಂದಂತೆ, ಬಲಗೈಯನ್ನು ತಮ್ಮ ಹೊಟ್ಟೆಯೊಳಕ್ಕೆ ತೂರಿಸಿದರು. ಅವರ ಉಗುರುಗಳು ಸೀಳಿವೆ, ತೋರುಬೆರಳಿನ ಹುಣ್ಣು ಯುಗಾದಿಯಿಂದ ಮಾಯ್ದಿಲ್ಲ. ಕೇಳಿದರೆ, "ಬೂಟ್ ಪಾಲಿಶ್ ತಗಲಿ ಆಗಿರೋದು ಕಣಮ್ಮ, ಹರಳೆಣ್ಣೆ ಹಚ್ತಿದೀನಿ" ಎಂದು ನಕ್ಕರು. ನನ್ನ ಮಕ್ಕಳು ತಮ್ಮ ಬಳಿ ಬಂದದ್ದು ಒಂದು ದಿನ. ರಾಮಾಂಜಿನಪ್ಪನವರ ಕೈ ಎಂಟು ವರ್ಷದಿಂದ ಅಲ್ಲೇ ಇದೆ.

ಆದ್ದರಿಂದ ಸವಿನಯ ಪ್ರಾರ್ಥನೆ. ಕಚ್ಚುವ ಬೂಟನ್ನು ಅಂಗಡಿಯವರು ವಾಪಸು ಪಡೆಯುವಂತೆ, ನನ್ನ ಮಕ್ಕಳೊಳಗೆ ತಾವು ಬಿಟ್ಟ ಕಿರಣಗಳನ್ನು ದಯಮಾಡಿ ವಾಪಸು ಪಡೆಯಿರಿ. ರಶೀದಿ ನನ್ನಲ್ಲಿಲ್ಲ, ಪ್ರಸಾದಕ್ಕೆ ಯಾರು ರಶೀದಿ ಕೇಳುತ್ತಾರೆ? ಮೂಳೆಯನ್ನು ಅಷ್ಟು ಚೆನ್ನಾಗಿ ತೋರಿಸುವ ತಾವು, ಯಾವ ದಾರ ಕಡಿದಿದೆ ಎಂಬುದನ್ನೂ ಒಮ್ಮೆ ತೋರಿಸಿಬಿಡಿ. ಎರಡೂ ಆಗದಿದ್ದರೆ, ಮುಂದಿನ ತಿಂಗಳ ಆಯುಧಪೂಜೆಯಲ್ಲಿ ಹಾರ ಹಾಕಿಸಿಕೊಂಡು, ಸ್ವಿಚ್ಚು ಹಾಕಿಸಿಕೊಳ್ಳದೆ, ಉಳಿದ ದೇವರುಗಳಂತೆ ಸುಮ್ಮನಿರಿ.

ತಮ್ಮೊಳಗಿನ ಬೆಳಕಿಗೆ ಒಮ್ಮೆ ಬಗ್ಗಿದ, ತಮ್ಮ ವಿಶ್ವಾಸಿ,
ತ್ರಿಪುರಸುಂದರಿ, ಬಿ.ಎಸ್ಸಿ.

ತಾ.ಕ.: ಉತ್ತರ ತಡವಾದರೆ ಬೇಸರವಿಲ್ಲ. ತಮಗೆ ಕೈಗಳಿಲ್ಲ. ತಮ್ಮ ಪರವಾಗಿ ಬರೆಯಬಹುದಾಗಿದ್ದ ರಾಮಾಂಜಿನಪ್ಪನವರ ಬಲಗೈಯ ತೋರುಬೆರಳನ್ನು ಮೊನ್ನೆ ಆಸ್ಪತ್ರೆಯಲ್ಲಿ ತೆಗೆದರಂತೆ. ಈಗ ಅವರು ಎಡಗೈ ತೂರಿಸುತ್ತಿದ್ದಾರೆ.