ಶಾಲೆಯ ಕೊರಳಹಲಗೆಗೆ, ಜೇನು ಎದ್ದ ವಿಷಯವಾಗಿ

ಮಾನ್ಯ ಹಲಗೆಯವರೇ,

ನಮ್ಮ ಶಾಲೆಯಲ್ಲಿ ಇಂಗ್ಲಿಷಿನ ‘ಐ’ ಇರಬೇಕಾದಲ್ಲಿ ‘ಮೀ’ ಎಂದ, ‘ಹಿಮ್’ ಇರಬೇಕಾದಲ್ಲಿ ‘ಹೀ’ ಎಂದ ಪ್ರತಿಯೊಂದು ಕೊರಳಿಗೂ ಖುದ್ದಾಗಿ ದಯಮಾಡಿಸಿ, ಇನ್ನೊಂದು ಮಗು ತಪ್ಪಿ ಸಿಕ್ಕಿಬೀಳುವವರೆಗೆ ಶಿಕ್ಷೆಯಾಗಿ ಅಲ್ಲೇ ತೂಗಾಡುವ ತಮ್ಮ ಮರದ ಘನತೆಗೆ, ಬುಂಗೋಮಾ ರಸ್ತೆಯ ಶಾಲೆಯ ಗೇಟಿನೆದುರು ಚಪಾತಿ ಮಾರುವ ನೆಕೋಯೆ ಹಿಟ್ಟಿನ ಕೈಯಲ್ಲೇ ಮಾಡುವ ನಮಸ್ಕಾರಗಳು.

ನನ್ನ ಮಗಳು ನಲಿಯಾಕಾ ಹುಟ್ಟಾ ವಾಚಾಳಿ. ಸ್ವಾಹಿಲಿಯಲ್ಲಿ ಹೊಡೆದ ನಾನೂ ‘ಮಿಮಿ’, ಏಟು ತಿಂದ ನಾನೂ ‘ಮಿಮಿ’ ಎಂದು ನಿಶ್ಚಿಂತೆಯಿಂದ ಬೆಳೆದ ಮಗು. ತಮ್ಮ ಕೃಪೆಯಿಂದ ಈಗ ಮನೆಯಲ್ಲಿ ಉಪ್ಪು ಬೇಕಾದರೂ ಬೆರಳು ತೋರಿಸುತ್ತಾಳೆ. "ಏನೇ, ಬಾಯಿಗೆ ಬೀಗ ಜಡ್ಕೊಂಡಿದ್ಯಾ? ಕೀಲಿ ಯಾರ ಹತ್ರ ಇದೆ ಹೇಳು, ನಾನೇ ಹೋಗಿ ಕಿತ್ಕೊಂಡ್ ಬರ್ತೀನಿ" ಎಂದು ಅವಳಜ್ಜಿ ಕೇಳಿದಾಗ ನಾನು ತಮ್ಮ ಹೆಸರೆತ್ತದೆ ತಮ್ಮ ಮರ್ಯಾದೆ ಉಳಿಸಿದೆ.

ಕಳೆದ ಮಂಗಳವಾರ ಮುಖ್ಯೋಪಾಧ್ಯಾಯ ವಾಸಿಕೆಯವರು ಮಾವಿನ ಮರದಡಿ ಚಹಾ ಕುಡಿಯುತ್ತಿದ್ದಾಗ ಮೇಲಿನ ಕೊಂಬೆಯ ಜೇನು ಎದ್ದಿತು. ಕಂಡದ್ದು ನಲಿಯಾಕಾಗೆ ಮಾತ್ರ, ಕೊರಳಲ್ಲಿ ತಾವು. ‘ಅವು ನಿಮ್ಮತ್ತ, ನನ್ನತ್ತ ಬರುತ್ತಿವೆ’ ಎಂದು ಮೇಷ್ಟರನ್ನು ಎಚ್ಚರಿಸಲು ‘ಐ’ ಅನ್ನಬೇಕೋ ‘ಮೀ’ ಅನ್ನಬೇಕೋ ಎಂದು ಅವಳು ಬಾಯಿ ತೆರೆದು ನಿಂತಿರುವಷ್ಟರಲ್ಲಿ, ಶಾಲೆಯ ಮೆಟ್ಟಿಲು ಹತ್ತದ ಹುಳುಗಳು ಬಂದೇಬಿಟ್ಟವು. ಕೊನೆಗೆ ನಮ್ಮ ಬುಕುಸು ಮಾತಿನಲ್ಲೇ "ಓಡಿ ಮ್ವಾಲಿಮು, ಓಡಿ!" ಎಂದು ಕಿರುಚಿ, ಆ ಮ್ವಾಲಿಮು ಅರ್ಥಾತ್ ಮೇಷ್ಟರ ಕೋಟು ಹಿಡಿದೆಳೆದುಕೊಂಡು ನನ್ನ ಒಲೆಯ ಹೊಗೆಯೊಳಗೆ ತಂದು ಕೂರಿಸಿದಳು. ಕುಂಬಳಕಾಯಿಯಂತೆ ಊದಿದ ಮುಖದಿಂದ ಅವರಾಡಿದ ಮೊದಲ ಮಾತು: "ಇಂಗ್ಲಿಷಲ್ಲಿ ಯಾಕೆ ಕೂಗ್ಲಿಲ್ಲ? ಈ ಟರ್ಮ್ ಮುಗಿಯೋವರೆಗೂ ಹಲಗೆ ನಿಂದೇ."

ಆಹಾ, ಎಂಥ ನ್ಯಾಯ! ಆದಕಾರಣ ತಾವು ಪ್ರತಿ ಜೇನುಹುಳುವಿನ ಕೊರಳಿಗೂ ತಮ್ಮದೊಂದು ಮರಿಯನ್ನು ತೂಗಿಹಾಕಿ, ಕಚ್ಚುವವರು ಯಾರು, ಕಚ್ಚಿಸಿಕೊಳ್ಳುವವರು ಯಾರು ಎಂಬುದನ್ನು ಶುದ್ಧ ಇಂಗ್ಲಿಷಿನಲ್ಲಿ ಒಪ್ಪಿಸಿದ ಮೇಲೆಯೇ ಹಾರತಕ್ಕದ್ದೆಂದು ಆಜ್ಞಾಪಿಸಬೇಕಾಗಿ ವಿನಂತಿ. ಅದಾಗದಿದ್ದರೆ ನನ್ನ ಮಗಳ ಬಾಯಿ ನನಗೆ ವಾಪಸು ಕೊಟ್ಟುಬಿಡಿ, ಮಾರಾಯರೇ. ಅವಳ ಹರಟೆಯಿಲ್ಲದೆ ಉಗಾಲಿ ಮುದ್ದೆ ಗಂಟಲಿಗಿಳಿಯುತ್ತಿಲ್ಲ.

ತಮ್ಮನ್ನು ಹೊತ್ತ ಕೊರಳಿನ ತಾಯಿ,
ತಮ್ಮ ವಿಶ್ವಾಸಿ,
ನೆಕೋಯೆ

ಮರೆತ ಮಾತು: ಈ ಕಾಗದ ಮಡಿಚುತ್ತಿರುವಾಗಲೇ ಜೇನು ಮತ್ತೆ ಎದ್ದಿತು. ವಾಸಿಕೆಯವರು ಅಚ್ಚ ಬುಕುಸುವಿನಲ್ಲಿ "ಅಯ್ಯಯ್ಯೋ, ಹೊಗೆ ಹಾಕ್ರೀ, ಸತ್ತೆ!" ಎನ್ನುತ್ತ ನನ್ನ ಗೂಡಂಗಡಿಗೆ ನುಗ್ಗಿದರು. ಒಲೆಯಲ್ಲಿ ಸೌದೆ ಮುಗಿದಿತ್ತು. ನಲಿಯಾಕಾ ತಮ್ಮನ್ನು ಕೊರಳಿನಿಂದ ತೆಗೆದು ಅವರ ಮುಂದೆ ಹಿಡಿದು, "ಇದು ನಿಮ್ಮ ಕೊರಳಿಗೋ, ಒಲೆಗೋ? ಬೇಗ ಹೇಳಿ ಮ್ವಾಲಿಮು, ಬರ್ತಾ ಇವೆ!" ಎಂದಳು. ತಾವು ಬಹಳ ಒಳ್ಳೆಯ ಹೊಗೆ ಕೊಟ್ಟಿರಿ. ಆಗಿನಿಂದ ನಲಿಯಾಕಾ ಬಾಯಿ ಮುಚ್ಚಿಲ್ಲ; ಅವಳು ಹಾಗೆ ಕೇಳಿದ ಗಳಿಗೆಯಲ್ಲಿ ವಾಸಿಕೆಯವರು ಮಾತ್ರ ತುಟಿ ಬಿಚ್ಚದೆ ಒಲೆಯತ್ತ ಬೆರಳು ತೋರಿಸಿದ್ದರು.