ಬೆನ್ನಿಗೆ ಜಿಪ್ ಇದ್ದ ರಾಕ್ಷಸ

ಓದುಗರಿಗೆಲ್ಲ ನಮಸ್ಕಾರ. ನಾನು ಶಾಲೆಗೆ ಸೇರಿದ್ದು ತಡವಾಗಿ, ಮೊಬೈಲಿನಲ್ಲಿ ಕನ್ನಡ ಟೈಪ್ ಮಾಡಲು ಕಲಿತದ್ದು ಅದಕ್ಕಿಂತಲೂ ತಡವಾಗಿ. ಒಂದು ಬೆರಳು ಕೆಲಸ ಮಾಡುತ್ತಿದೆ, ಉಳಿದವು ನೋಡುತ್ತಾ ಕುಳಿತಿವೆ. ತಪ್ಪು ಕಂಡರೆ ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ. ವಿಷಯ ಏನೆಂದರೆ, ಚಿಕ್ಕಂದಿನಲ್ಲಿ ಯಾವುದಕ್ಕೆ ಹೆದರಿದ್ದೆವೋ ಅದನ್ನು ದೊಡ್ಡವರಾದ ಮೇಲೆ ಹುಡುಕಿಕೊಂಡು ಹೋಗಬಾರದು ಅಂತ ನನಗೆ ಈಚೆಗೆ ಅನ್ನಿಸಿದೆ. ಹೋಗಬಾರದೋ, ಹೋಗಲೇಬೇಕೋ, ಅದೂ ಸರಿಯಾಗಿ ಗೊತ್ತಾಗುತ್ತಿಲ್ಲ. ನೀವೇ ಓದಿ ಹೇಳಿ.

ನಮ್ಮದು ಕೊಳ್ಳೇಗಾಲದ ಕಡೆ. ಈಗ ಚೆನ್ನೈನ ಪೆರಂಬೂರಿನಲ್ಲಿ ರೈಲಿನ ಸೀಟುಗಳಿಗೆ ರೆಕ್ಸಿನ್ ಹೊಲಿಯುವುದು ನನ್ನ ಕೆಲಸ. ಮನೆಯಲ್ಲಿ ನಾನು, ಹೆಂಡತಿ ಮಂಜುಳ, ಏಳನೇ ಕ್ಲಾಸಿನ ಮಗಳು ಸಿಂಚನ. ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಆದರೆ ಬಾಯಿಗೆ ಬರುವುದಿಲ್ಲ. "ಊಟ ಆಯ್ತಾ ಮಗ?" ಅಂದರೆ "ಸಾಪ್ಟೇನ್‌ಪಾ" ಅಂತ ತಮಿಳಿನಲ್ಲಿ ಉತ್ತರ. ನಾನು ಕನ್ನಡದಲ್ಲಿ ನಾಲ್ಕು ಮಾತು ಸೇರಿಸಿ ಆಡಿದರೆ ಅವಳ ಕಣ್ಣು ಮೊಬೈಲಿನ ಕಡೆ ಜಾರುತ್ತದೆ. ಅವಳು ಪೂರ್ತಿ ಕೂತು ಕೇಳುವ ಕನ್ನಡ ಒಂದೇ, ನನ್ನ ರಾಕ್ಷಸನ ಕತೆ. ಅನ್ನ ತಿನ್ನಿಸಲು ಶುರು ಮಾಡಿದ ಕತೆ, ಈಗಲೂ ಭಾನುವಾರ ಮಧ್ಯಾಹ್ನ ಪಕ್ಕದಲ್ಲಿ ಬಂದು ಬಿದ್ದುಕೊಂಡು ಕೇಳುತ್ತಾಳೆ. ಅದೊಂದು ನಿಂತುಹೋದರೆ ಈ ಮನೆಯಲ್ಲಿ ನಾನು ಕನ್ನಡದಲ್ಲಿ ಯಾರಿಗೆ ಏನು ಹೇಳಲಿ? ಹೆಂಡತಿಗೆ ಹೇಳಬಹುದು, ಆದರೆ ಅಲ್ಲಿ ಹೇಳುವ ಸರದಿ ನನಗೆ ಬರುವುದಿಲ್ಲ.

ಈ ರಾಕ್ಷಸ ನನ್ನ ಸೃಷ್ಟಿ ಅಲ್ಲ. ನಾನು ಹುಡುಗನಾಗಿದ್ದಾಗ ಟೀವಿಯಲ್ಲಿ ಒಂದು ವಿದೇಶಿ ಧಾರಾವಾಹಿ ಬರುತ್ತಿತ್ತು. ಬಿಗಿ ಬನಿಯನ್ನಿನಂಥ ಬಟ್ಟೆ ತೊಟ್ಟ ಕೆಲವರು ಊಟದ ತಟ್ಟೆಯಂಥ ವಿಮಾನದಲ್ಲಿ ವಾರಕ್ಕೊಂದು ಗ್ರಹಕ್ಕೆ ಹೋಗುತ್ತಿದ್ದರು. ಗ್ರಹ ಬೇರೆಯಾದರೂ ಬಂಡೆಗಳು ಮಾತ್ರ ಅವೇ. ಅದರಲ್ಲಿ ಒಂದು ವಾರ ಬಂದವನೇ ಈ ರಾಕ್ಷಸ. ತೆಂಗಿನಮರದಷ್ಟು ಕತ್ತು, ಹೊಟ್ಟೆಯ ಮೇಲೆ ಬಾಯಿ, ಉಸಿರು ಬಿಟ್ಟರೆ ಕಬ್ಬಿಣ ಬೆಣ್ಣೆಯ ಹಾಗೆ ಕರಗುತ್ತಿತ್ತು.

ಹೋದ ತಿಂಗಳು ಸಿಂಚನ ಆ ಕಂತನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಿ ತೆಗೆದಳು. ಭಾನುವಾರ ನೋಡುವುದೆಂದು ಕೆಳಗಿನ ಮನೆಯ ಗೆಳತಿ ಯಾಳಿನಿಯನ್ನೂ ಕರೆದಳು. ಮಂಜುಳ ಬಾಳೆಕಾಯಿ ಬಜ್ಜಿ ಕರಿದಳು. ನಾನು ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡೆ. ಯಾಕೆ ಅಂತ ಕೇಳಬೇಡಿ, ಊರಿನವರು ಯಾರೋ ಮನೆಗೆ ಬರುತ್ತಿದ್ದಾರೆ ಅನ್ನಿಸಿತ್ತು.

ಮೊದಲ ಅರ್ಧ ಬರೀ ಮಾತು. ವಿಮಾನದಲ್ಲಿ ಕೂತು ಮಾತು, ಇಳಿದು ಮಾತು. "ಬತ್ತದೆ, ಈಗ ಬತ್ತದೆ" ಅಂತ ನಾನು ಮಕ್ಕಳಿಗೆ ಧೈರ್ಯ ಹೇಳುತ್ತಿದ್ದೆ. ಕೊನೆಗೂ ಬಂಡೆಯ ಹಿಂದಿನಿಂದ ಅದು ಬಂತು. ಎರಡು ಕಾಲು, ಬಾಯಿ ಇರುವ ಜಾಗದಲ್ಲೇ ಬಾಯಿ. ಕತ್ತು ಇರಲೇ ಇಲ್ಲ, ತಲೆ ನೇರವಾಗಿ ಭುಜದ ಮೇಲೆ ಕೂತಿತ್ತು. ಮೈಯೆಲ್ಲ ಕಂದು ರೆಕ್ಸಿನ್! ನಾನು ದಿನವೆಲ್ಲ ಮಿಷನ್ನಿಗೆ ಕೊಡುವ ಮಾಲು. ಹೊಲಿಗೆಯೂ ನೆಟ್ಟಗಿರಲಿಲ್ಲ. ಅದು ತಿರುಗಿದಾಗ ಬೆನ್ನಿನ ಉದ್ದಕ್ಕೂ ಜಿಪ್ಪು ಕಂಡಿತು.

"ಅಂಕಲ್, ಇದು ಎಂಗ ವೀಟ್ಟು ಸೋಫಾ ಮಾದಿರಿ ಇರುಕ್ಕು!" ಅಂತ ಯಾಳಿನಿ ಬಿದ್ದು ಬಿದ್ದು ನಕ್ಕಳು. ಅವರ ಮನೆಯ ಸೋಫಾ ನಾನು ನೋಡಿದ್ದೇನೆ, ಹಾಗೇ ಇದೆ.

ಸಿಂಚನ ನಗಲಿಲ್ಲ. "ಕಳುತ್ತು ಎಂಗಪ್ಪಾ?" ಅಂದಳು. ಕತ್ತು ಎಲ್ಲಿ ಅಂತ.

"ಇರು ಮಗ," ಅಂದೆ, "ಇದು ಮರಿ ಇರ್ಬೇಕು. ಇದ್ರವ್ವ ಆಮೇಲೆ ಬತ್ತಾಳೆ."

ಅವ್ವ ಬರಲಿಲ್ಲ. ನಾಯಕ ಒಂದು ಬಂಡೆ ಎತ್ತಿ ಎಸೆದ. ಬಂಡೆ ರಾಕ್ಷಸನ ತಲೆಗೆ ಬಡಿದು ಚೆಂಡಿನ ಹಾಗೆ ಪುಟಿಯಿತು. ರಾಕ್ಷಸ ಸತ್ತ. ಹೆಸರುಗಳು ಬಂದವು.

"ಬೇರೆ ಕಂತು ಇರ್ಬೇಕು ಕಣೆ," ಅಂತ ಮಂಜುಳನ ಮುಖ ನೋಡಿದೆ.

"ಅಲ್ಲ ಕಣ್ರೀ," ಅಂದಳು ಅವಳು ಬಜ್ಜಿ ತಟ್ಟೆ ಇಡುತ್ತಾ, "ಅವತ್ತು ನೀವು ಮಾಳ್ಗೆ ಮ್ಯಾಲೆ ಆಂಟೆನಾ ಹಿಡ್ಕಂಡು ನಿಂತಿದ್ರಿ ಅಂತ ನಿಮ್ಮಕ್ಕ ಹೇಳ್ತಿದ್ರಲ್ಲ? ಇನ್ನ ರಾಕ್ಷಸನ್ನ ಯಾವಾಗ ನೋಡುದ್ರಿ?"

ಕೈಗೆತ್ತಿಕೊಂಡ ಬಜ್ಜಿಯನ್ನು ವಾಪಸು ತಟ್ಟೆಗೆ ಇಟ್ಟೆ. ಅಕ್ಕ ಹೇಳಿದ್ದು ನಿಜ. ತಡವಾಗಿ ಶಾಲೆ ಸೇರಿದ್ದರಿಂದ ಮೂರನೇ ಕ್ಲಾಸಿನಲ್ಲಿ ನಾನೇ ಎಲ್ಲರಿಗಿಂತ ಉದ್ದ. ಟೀವಿ ಇದ್ದದ್ದು ಆಸ್ಪತ್ರೆಯ ಕಾಂಪೌಂಡರ ಮನೆಯಲ್ಲಿ, ಆಂಟೆನಾ ತಿರುಗಿಸುವ ಕೆಲಸ ಖಾಯಂ ನನ್ನದು. ಕೆಳಗಿನಿಂದ "ಬಂತು, ಬಂತು! ಅಯ್ಯೋ ಹೋಯ್ತು!" ಅನ್ನುತ್ತಿದ್ದರು. ಅವತ್ತು ಹುಡುಗರೆಲ್ಲ ಕಿರುಚಿಕೊಂಡದ್ದು ನನಗೆ ಚೆನ್ನಾಗಿ ನೆನಪಿದೆ. ಕತ್ತೂ ಅಷ್ಟೇ ಚೆನ್ನಾಗಿ ನೆನಪಿದೆ. ಆದರೆ ಆ ಮಾಳಿಗೆಯ ಮೇಲಿಂದ ಕಾಣುತ್ತಿದ್ದದ್ದು ಕಾಂಪೌಂಡರ ತೆಂಗಿನಮರ ಮಾತ್ರ. ಹಾಗಾದರೆ ನಾನು ಹೆದರಿದ್ದು ಯಾವುದಕ್ಕೆ? ಇಳಿದು ಬಂದು ಕಿಟಕಿಯಲ್ಲಿ ಇಣುಕಿದ್ದೆನೇ? ಎಷ್ಟು ಯೋಚಿಸಿದರೂ ಒಂದು ಸಲ ಇಣುಕಿದ್ದೆ ಅನ್ನಿಸುತ್ತದೆ, ಒಂದು ಸಲ ಇಲ್ಲ ಅನ್ನಿಸುತ್ತದೆ.

ಸಿಂಚನ ಲ್ಯಾಪ್‌ಟಾಪ್ ಮುಚ್ಚಿ, "ಪರವಾಯಿಲ್ಲೆಪಾ" ಅಂದಳು. ಪರವಾಗಿಲ್ಲ ಬಿಡಪ್ಪ ಅಂತ. ಪರೀಕ್ಷೆಯಲ್ಲಿ ಫೇಲಾದವನ ಬೆನ್ನು ತಟ್ಟುವ ದನಿ ಅದು. ಗೆಳತಿಯನ್ನು ಕರೆದುಕೊಂಡು ಹೊರಗೆ ಹೋದಳು. ಇನ್ನು ಭಾನುವಾರ ಕತೆಯಿಲ್ಲ, ಕನ್ನಡವೂ ಇಲ್ಲ ಅಂದುಕೊಂಡು ನಾನು ಉಳಿದ ಬಜ್ಜಿಯನ್ನೆಲ್ಲ ತಿಂದೆ. ದುಃಖಕ್ಕೆ ತಿಂದೆನೋ ರುಚಿಗೆ ತಿಂದೆನೋ, ಅದೂ ತಿಳಿಯಲಿಲ್ಲ.

ಸಂಜೆ ಒಣಗಿದ ಬಟ್ಟೆ ತರಲು ಟೆರೇಸಿಗೆ ಹೋದೆ. ನೀರಿನ ಟ್ಯಾಂಕಿನ ಆಚೆ ಸಿಂಚನ ಯಾಳಿನಿಗೆ ತಮಿಳಿನಲ್ಲಿ ಕತೆ ಹೇಳುತ್ತಿದ್ದಳು. ಟೀವಿಯವರು ಅಸಲಿ ರಾಕ್ಷಸನನ್ನು ಕಂಡು ಹೆದರಿ ಓಡಿಹೋದರಂತೆ, ಆಮೇಲೆ ಯಾರನ್ನೋ ಚೀಲದೊಳಗೆ ತುಂಬಿ ನಡೆಸಿದರಂತೆ. ಅಸಲಿಯ ಕತ್ತು, ಹೊಟ್ಟೆಯ ಬಾಯಿ, ಎಲ್ಲ ಬಂತು. ನಾನು ಹೇಳದೇ ಇದ್ದ ಬಾಲವೂ ಬಂತು. ಆಮೇಲೆ ರಾಕ್ಷಸ ಬಾಯಿ ತೆರೆದ.

"ಎಲ್ಲಿಗ್ಲಾ ಓಯ್ತಿದ್ದೈ? ನಿಂತ್ಕಳ್ಲಾ! ಉಂಡ್ಯಾ ಇಲ್ವಾ? ನಾನಿನ್ನೂ ಉಂಡಿಲ್ಲ ಕಣ್ಲಾ!"

ಕನ್ನಡ! ಅಪ್ಪಟ ನಮ್ಮ ಕಡೆಯ ಕನ್ನಡ, ಒಂದು ಕಡೆಯೂ ತಡವರಿಸಲಿಲ್ಲ. ನಾನು ಮಂಜುಳನ ಸೀರೆಯನ್ನು ಎದೆಗೆ ಒತ್ತಿಕೊಂಡು ನಿಂತುಬಿಟ್ಟೆ. ಕಣ್ಣು ಒದ್ದೆಯಾಯಿತು, ಸೀರೆಯಲ್ಲೇ ಒರೆಸಿಕೊಂಡೆ. ಯಾಳಿನಿ ನಿಜವಾಗಿ ಹೆದರಿದ್ದಳು. ಈ ದನಿ ಎಲ್ಲಿ ಕಲಿತೆ ಅಂತ ಮೆಲ್ಲಗೆ ಕೇಳಿದಳು.

"ಎಂಗಪ್ಪಾ ಡೈಲಿ ಕಾಲೈಲೆ ಇಪ್ಪಡಿತಾನ್ ಪೇಸುವಾರು," ಅಂದಳು ನನ್ನ ಮಗಳು. ನಮ್ಮಪ್ಪ ದಿನಾ ಬೆಳಿಗ್ಗೆ ಮಾತಾಡೋದೇ ಹೀಗೆ ಅಂತ.

ನಾನು ಸದ್ದಿಲ್ಲದೆ ಇಳಿದು ಬಂದೆ. ಸಂತೋಷಪಡಬೇಕೋ ಬೇಡವೋ ಇನ್ನೂ ತೀರ್ಮಾನವಾಗಿಲ್ಲ. ನಿಮ್ಮ ಮನೆಯ ಮಕ್ಕಳೂ ಹೀಗೆ ಕನ್ನಡ ಕಲಿತಿದ್ದರೆ ದಯವಿಟ್ಟು ನಾಲ್ಕು ಸಾಲು ಬರೆಯಿರಿ. ಅವರ ಕತೆಯಲ್ಲಿ ನೀವು ಯಾವ ಪ್ರಾಣಿ ಅನ್ನುವುದನ್ನೂ ಮರೆಯದೆ ಸೇರಿಸಿ. ನನ್ನಂಥವರು ಇನ್ನೂ ಇದ್ದಾರೆ ಅಂತ ಗೊತ್ತಾದರೆ, ಬೆಳಿಗ್ಗೆ ಎದ್ದು ಬಾಯಿ ತೆರೆಯಲು ಸ್ವಲ್ಪ ಧೈರ್ಯ ಬರಬಹುದು.