ದೀಪ ಆರಿಸುವ ದೊಡ್ಡಮ್ಮ

ದುಡ್ಡು ಗಳಿಸಿದವರೆಲ್ಲ ಸಾಹುಕಾರರಾಗುವುದಿಲ್ಲ, ಸೋರದಂತೆ ನೋಡಿಕೊಂಡವರು ಮಾತ್ರ ಆಗುತ್ತಾರೆ ಎಂಬುದು ಕಟಿಂಗ್ ಮಾಸ್ಟರರ ಸಿದ್ಧಾಂತ. ಇನ್ನೊಬ್ಬರ ಹೊಲಿಗೆ ಅಂಗಡಿಯಲ್ಲಿ ತಲೆ ನರೆಯುವವರೆಗೆ ಬಟ್ಟೆ ಕತ್ತರಿಸಿದ ಅವರು, ಗಿರಾಕಿ ತಂದ ಬಟ್ಟೆಯಲ್ಲಿ ಅಂಗಿ ಮುಗಿದ ಮೇಲೂ ಒಂದು ಜೇಬಿಗಾಗುವಷ್ಟು ಚೂರು ಉಳಿಸದೆ ಬಿಡುತ್ತಿರಲಿಲ್ಲ. (ಆ ಚೂರನ್ನು ಗಿರಾಕಿಗೇ ಹಿಂದಿರುಗಿಸುತ್ತಿದ್ದರು. ಜಿಪುಣರು ಹೌದು, ಕಳ್ಳರಲ್ಲ.) ಸಂಸಾರವನ್ನೂ ಅವರು ಹರವಿಟ್ಟ ಬಟ್ಟೆಯಂತೆಯೇ ನೋಡುತ್ತಿದ್ದರು. ಎಲ್ಲಿ ಗೆರೆ ಎಳೆದರೆ ಎಷ್ಟು ಉಳಿದೀತು?

ಉಳಿಸುವುದಕ್ಕೆ ಕಾರಣವೂ ಇತ್ತು. ಪೇಟೆಯ ಮೂಲೆಯಲ್ಲಿ ಗುಂಡಿ, ದಾರ ಮಾರುವ ಮುದುಕನೊಬ್ಬ ತನ್ನ ಪುಟ್ಟ ಅಂಗಡಿಯನ್ನು ಮಾರುವವನಿದ್ದ. ಅದನ್ನು ಕೊಂಡು, ಸ್ವಂತ ಬೋರ್ಡು ತೂಗುಹಾಕಿ, ಕಣ್ಣು ಮುಚ್ಚುವುದರೊಳಗೆ ಒಮ್ಮೆಯಾದರೂ ಮಾಲೀಕನ ಕುರ್ಚಿಯಲ್ಲಿ ಕೂರಬೇಕೆಂಬುದು ಮಾಸ್ಟರರ ಆಸೆ. "ವರ್ಷದೊಳಗೆ ದುಡ್ಡು ತಂದ್ರೆ ನಿಂದು. ಇಲ್ದಿದ್ರೆ ಪಕ್ಕದ ಚಪ್ಪಲಿ ಅಂಗಡಿಯವನು ಬಾಯಿ ತೆರ್ಕೊಂಡು ಕೂತಿದಾನೆ" ಎಂದು ಮುದುಕ ಹೇಳಿಬಿಟ್ಟಿದ್ದ.

ಮಾಸ್ಟರರ ಹೆಂಡತಿ ಮನೆಯಲ್ಲಿ ಕುಳಿತು ಅಂಗಿಗಳಿಗೆ ಕಾಜ ಹೊಲಿದು ಗುಂಡಿ ಹಾಕುತ್ತಿದ್ದಳು. ಆ ಕೂಲಿಯೂ ಗಂಡನ ಉಳಿತಾಯಕ್ಕೇ ಜಮೆಯಾಗುತ್ತಿತ್ತು. ಒಟ್ಟಿನಲ್ಲಿ ಆ ಸಂಸಾರವೆಂಬ ವಾಕ್ಯಕ್ಕೆ ಕರ್ತೃ ಗಂಡ, ಕರ್ಮವೆಲ್ಲ ಹೆಂಡತಿಯದು.

ಮೊದಲು ಸೋರುವುದು ಬಾಡಿಗೆ ಎಂದು ತೀರ್ಮಾನಿಸಿದ ಮಾಸ್ಟರರು ಅಗ್ಗದ ಮನೆ ಹುಡುಕಿ ಹೊರಟರು. ಸಿಕ್ಕಿತು. ಹಳೆಯ ಕಾಂಪೌಂಡರ್ ಒಬ್ಬರ ಮಹಡಿ ಮನೆ. ಎರಡು ಕೋಣೆ, ನಡುವೆ ಉದ್ದನೆಯ ಕತ್ತಲ ಓಣಿ, ಮೂಲೆಯಲ್ಲಿ ಗೋಡೆಗೆ ಅಂಟಿದಂತೆ ನಿಂತ ಕಬ್ಬಿಣದ ಬೀರು. ಬಾಡಿಗೆ ಕೇಳಿದರೆ ನಗು ಬರುವಷ್ಟು ಕಡಿಮೆ.

"ಮುಚ್ಚುಮರೆ ಯಾಕೆ ಮಾಸ್ಟ್ರೇ," ಎಂದರು ಕಾಂಪೌಂಡರ್, ಮೆಟ್ಟಿಲ ಕೆಳಗೇ ನಿಂತು. "ಇಲ್ಲಿ ಯಾರೂ ನಿಲ್ಲಲ್ಲ. ನಮ್ಮ ದೊಡ್ಡಮ್ಮ ಇದ್ದ ಮನೆ. ಕಾಸು ಕಾಸು ಕೂಡಿಟ್ಟು ಹೋದವಳು. ಹೋದವಳು ಅನ್ನೋದು ನಮ್ಮ ಮಾತು, ಅಷ್ಟೆ. ಈಗಲೂ ಸಂಜೆ ದೀಪ ಹಾಕಿದ್ರೆ ಆರುತ್ತೆ. ನಲ್ಲಿ ಬಿಟ್ರೆ ನಿಲ್ಲುತ್ತೆ."

"ತಾನಾಗೇ?"

"ತಾನಾಗೇ."

"ಕರೆಂಟಿನ ಬಿಲ್ಲು ಕಡಿಮೆ ಬರುತ್ತಾ?"

ಕಾಂಪೌಂಡರ್ ಮಾಸ್ಟರರ ಮುಖವನ್ನೇ ನೋಡುತ್ತ ಕೀಲಿಕೈ ಕೊಟ್ಟರು.

ಮೊದಲ ದಿನ ಮುಸ್ಸಂಜೆ. ಮಾಸ್ಟರರು ಓಣಿ ದಾಟಿ ಒಳಕೋಣೆಗೆ ಕಾಲಿಟ್ಟರು. ಹಿಂದಿನಿಂದ ಟಕ್ ಎಂದಿತು. ಓಣಿಯ ದೀಪ ಆರಿತ್ತು. ತಿರುಗಿ ನೋಡಿದರೆ ಯಾರೂ ಇಲ್ಲ. ನುಸಿಗುಳಿಗೆಯ ವಾಸನೆ ಮಾತ್ರ ತೇಲಿ ಬಂದು, ಪಕ್ಕದಲ್ಲೇ ಹಾದುಹೋಯಿತು. ಬರಿಗಾಲು ನೆಲಕ್ಕೆ ಉಜ್ಜುವ ಸದ್ದು ಸ್ನಾನದ ಮನೆಯ ಕಡೆ ಸರಿಯಿತು. ಅಲ್ಲಿ ತೊಟ್ಟಿಕ್ಕುತ್ತಿದ್ದ ನಲ್ಲಿ ಕಿರ್ ಎಂದು ಬಿಗಿಯಿತು.

ಹೆಂಡತಿ ಗಂಡನ ತೋಳು ಹಿಡಿದಳು. "ರೀ, ಈಗಿಂದೀಗಲೇ ಹೋಗೋಣ ನಡೀರಿ."

ಮಾಸ್ಟರರ ಮೈಯೂ ಜುಮ್ಮೆಂದಿತ್ತು. ಆದರೆ ಮನಸ್ಸು ಆಗಲೇ ಲೆಕ್ಕ ಹಾಕುತ್ತಿತ್ತು. "ನೋಡು, ದೀಪ ಆರ್ಸು, ನಲ್ಲಿ ನಿಲ್ಸು ಅಂತ ನಾನು ಬಾಯಿ ಬಡ್ಕೊಂಡ್ರೂ ನೀನು ಕೇಳ್ತಿರ್ಲಿಲ್ಲ. ಈಗ ಸಂಬಳವಿಲ್ಲದೆ ಒಬ್ಬರು ನೋಡ್ಕೊಳ್ತಿದಾರೆ. ಹಿರಿಯರು, ಅನುಭವಸ್ಥರು!"

"ನಿಮ್ಮಮ್ಮ ಇದ್ದಷ್ಟು ದಿನ ಸಾಲ್ದೂ ಅಂತ ದೆವ್ವದ ಅತ್ತೆ ಬೇರೆ ತಂದ್ರಾ!"

"ಶ್! ಕೇಳಿಸ್ಕೊಂಡಾರು."

"ಹ್ಞೂಂ" ಎಂದಿತು ಓಣಿಯ ಕತ್ತಲು.

ಅಂತೂ ಉಳಿದರು. ಸವೆದ ಸೋಪಿನ ಚೂರುಗಳು ಬೆಳಗಾಗುವಷ್ಟರಲ್ಲಿ ಒಂದಕ್ಕೊಂದು ಅಂಟಿ ಹೊಸ ಬಿಲ್ಲೆಯಾಗುತ್ತಿದ್ದವು. ಮಾಸ್ಟರರು ಗುಡಿಸಿ ಎಸೆದ ತುಂಡು ದಾರಗಳು ಕಸದ ಬುಟ್ಟಿಯಿಂದ ಮಾಯವಾಗಿ, ಗಂಟಿನ ಮೇಲೆ ಗಂಟು ಬಿದ್ದು, ಬೀರುವಿನ ಮೇಲೆ ಉಂಡೆಯಾಗಿ ಕೂರುತ್ತಿದ್ದವು. ಆ ಗಂಟುಗಳು ಸಾಸಿವೆಗಿಂತ ಚಿಕ್ಕವು. ಬದುಕಿರುವವರ ಬೆರಳಿಗೆ ಸಾಧ್ಯವಾಗುವ ಕೆಲಸವಲ್ಲ. ಉಂಡೆ ದಿನದಿನಕ್ಕೂ ದಪ್ಪಗಾಗುತ್ತಿತ್ತು.

ಒಂದು ವಿಷಯ ಮಾತ್ರ ಮಾಸ್ಟರರಿಗೆ ಸರಿಬರಲಿಲ್ಲ. ಅವರು ಪತ್ರಿಕೆ ಹಿಡಿದರೆ ಸಾಕು, ದೀಪ ಟಕ್. ಹೆಂಡತಿ ಕಾಜ ಹೊಲಿಯುತ್ತ ಕುಳಿತರೆ ಅದೇ ದೀಪ ಎಷ್ಟು ಹೊತ್ತಾದರೂ ಆರುತ್ತಿರಲಿಲ್ಲ. ಅಷ್ಟೇ ಅಲ್ಲ, ಸೂಜಿಯ ಕಣ್ಣು ಕಾಣದೆ ಅವಳು ತಡವರಿಸಿದರೆ ದಾರ ತಾನಾಗಿಯೇ ಒಳಗೆ ನುಸುಳುತ್ತಿತ್ತು. ಮೊದಮೊದಲು ಚೀರುತ್ತಿದ್ದ ಹೆಂಡತಿ ಕ್ರಮೇಣ "ಬದುಕಿದೆ ದೊಡ್ಡಮ್ಮಾ" ಎನ್ನತೊಡಗಿದಳು.

"ಇದು ಪಕ್ಷಪಾತ" ಎಂದರು ಮಾಸ್ಟರರು.

"ದುಡಿಯೋರಿಗೆ ಬೆಳಕು, ಕೂತು ಓದೋರಿಗೆ ಕತ್ತಲು. ಇದ್ರಲ್ಲಿ ಪಕ್ಷಪಾತ ಎಲ್ಲಿ ಬಂತು?"

ಇಷ್ಟರಲ್ಲಿ ತಂಗಿಯ ಬಾಣಂತನಕ್ಕೆಂದು ಹೆಂಡತಿ ಕೆಲವು ದಿನ ಹೋಗಬೇಕಾಯಿತು. ಮನೆಯಲ್ಲಿ ಮಾಸ್ಟರರು ಒಬ್ಬರೇ. (ಇಬ್ಬರೇ ಎನ್ನುವುದು ಹೆಚ್ಚು ಸರಿ.) ಈ ಸಿದ್ಧಾಂತಿಗೆ ಒಂದು ಗುಟ್ಟಿನ ಚಪಲವಿತ್ತು. ಅಂಗಡಿಯಿಂದ ಬರುವಾಗ ಹೋಟೆಲಿಗೆ ನುಗ್ಗಿ, ಮೂಲೆಯ ಮೇಜಿನಲ್ಲಿ ಗೋಡೆಗೆ ಮುಖ ಮಾಡಿ ಕುಳಿತು, ಒಂದು ಸ್ಪೆಷಲ್ ಕಾಫಿ ಹೀರುವುದು. ಹೆಂಡತಿಗೆ ಮನೆಯಲ್ಲಿ ನೀರು ಕಾಫಿಯ ಕಟ್ಟಳೆ ಮಾಡಿದವರೂ ಇವರೇ.

ಅಂದು ಕಾಫಿ ಮುಗಿಸಿ ಮೀಸೆ ಒರೆಸಿಕೊಂಡು ಮನೆಗೆ ಬಂದರು. ಬಾಗಿಲು ತೆರೆದು ಒಳಗಡಿಯಿಟ್ಟರೋ ಇಲ್ಲವೋ, ಎದುರಿಗೆ ಕತ್ತಲು ನಿಂತುಕೊಂಡಿತು. ಕತ್ತಲು ಇರುವುದು ಬೇರೆ, ನಿಂತುಕೊಳ್ಳುವುದು ಬೇರೆ. ಇದು ನಿಂತಿತ್ತು. ಗಿಡ್ಡಗೆ, ಸ್ವಲ್ಪ ಬಾಗಿ. ಬಾವಿಯ ತಳದಿಂದ ಬಂದಂಥ ತಣ್ಣನೆಯ ಉಸಿರು ಅವರ ಮೀಸೆಯ ಮೇಲೆ ಆಡಿತು.

ಯಾರೋ ಮೂಸಿದರು.

ಎಡ ಮೀಸೆ ಮೂಸಿ, ಬಲ ಮೀಸೆ ಮೂಸಿ, ನಿಟ್ಟುಸಿರುಬಿಟ್ಟರು. ಆ ನಿಟ್ಟುಸಿರಿನಲ್ಲಿ ಕಾಫಿಯ ಬೆಲೆ ಪೂರ್ತಿ ಕೇಳಿಸಿತು. ಮಾಸ್ಟರರು ನಿಂತಲ್ಲೇ ಬೆವತು, "ಇನ್ಮೇಲೆ ಇಲ್ಲ ದೊಡ್ಡಮ್ಮ, ಆಣೆ!" ಎಂದರು. ಕತ್ತಲು ಪಕ್ಕಕ್ಕೆ ಸರಿದು ದಾರಿಬಿಟ್ಟಿತು.

ಹೆಂಡತಿ ಹಿಂದಿರುಗುವ ಹೊತ್ತಿಗೆ ಗಂಡ ಇಳಿದುಹೋಗಿದ್ದರು. ಆದರೆ ಬ್ಯಾಂಕಿನ ಹಣ ಏರಿತ್ತು. ಹನಿ ಹನಿ ಕೂಡಿ ನಿಜಕ್ಕೂ ಹಳ್ಳವಾಗಿತ್ತು! ಮುದುಕ ಕೊಟ್ಟ ಗಡುವಿನ ಹಿಂದಿನ ದಿನ ಮಾಸ್ಟರರು ಅಷ್ಟನ್ನೂ ತೆಗೆದು ತಂದು, ಬೀರುವಿನಲ್ಲಿಟ್ಟು, ಬೀಗ ಹಾಕಿ, ಉಲ್ಲಾಸದಲ್ಲಿ ಕೈಮುಗಿದರು.

"ದೊಡ್ಡಮ್ಮ, ಬೆಳಗಿನವರೆಗೆ ನಿಮ್ಮ ವಶಕ್ಕೆ ಬಿಟ್ಟಿದೀನಿ. ಯಾರು ಬಂದು ಕೇಳಿದ್ರೂ ಕೊಡಬೇಡಿ!"

"ಹ್ಞೂಂ." ಈ ಸಲ ದನಿ ಬಂದದ್ದು ಬೀರುವಿನ ಒಳಗಿನಿಂದ.

ಬೆಳಿಗ್ಗೆ ಕೀಲಿಕೈ ಸಲೀಸಾಗಿ ತಿರುಗಿತು. ಬಾಗಿಲು ಬರಲಿಲ್ಲ. ಮಾಸ್ಟರರು ಎಳೆದರು. ಒಳಗಿನಿಂದಲೂ ಯಾರೋ ಎಳೆದರು. ಗೋಡೆಗೆ ಕಾಲು ಕೊಟ್ಟು ಜಗ್ಗಿದರೆ ಬೀರು ಅವರನ್ನೇ ತನ್ನತ್ತ ಜಗ್ಗಿ ಹಣೆಗೆ ಒಂದು ಗುಬುಟು ಕೊಟ್ಟಿತು.

ಬೀಗ ರಿಪೇರಿಯವನು ಬಂದ. ಕಿವಿಯಿಟ್ಟು ಆಲಿಸಿದ. ಅವನ ಮುಖದ ಬಣ್ಣವೇ ಇಳಿಯಿತು.

"ಬೀಗ ತೆಗೆದೇ ಇದೆ ಮಾಸ್ಟ್ರೇ."

"ಮತ್ತೆ?"

"ಒಳಗೆ ಯಾರೋ ಹಿಡ್ಕೊಂಡಿದಾರೆ. ಬಳೆ ಸದ್ದು ಕೇಳ್ತಿದೆ." ಕೂಲಿಯನ್ನೂ ಕೇಳದೆ, ಮೆಟ್ಟಿಲಿನಲ್ಲಿ ಚಪ್ಪಲಿಯನ್ನೂ ಬಿಟ್ಟು ಓಡಿದ. (ಕೂಲಿ ಉಳಿಯಿತಲ್ಲ ಎಂದು ಆ ಸಂಕಟದಲ್ಲೂ ಮಾಸ್ಟರರಿಗೆ ಅನ್ನಿಸಿತು.)

ಬಿಸಿಲು ಏರುತ್ತಿತ್ತು. ಮಧ್ಯಾಹ್ನದೊಳಗೆ ಹಣ ಮುಟ್ಟದಿದ್ದರೆ ಅಂಗಡಿ ಚಪ್ಪಲಿಯವನ ಪಾಲು. ಮಾಸ್ಟರರು ಬೀರುವಿನ ಮುಂದೆ ಮಂಡಿಯೂರಿದರು. "ದೊಡ್ಡಮ್ಮ, ಇದು ಖರ್ಚಲ್ಲ, ಬಂಡವಾಳ! ಒಂದಕ್ಕೆ ಎರಡಾಗುತ್ತೆ!"

ಒಳಗೆ ಬಳೆ ಒಮ್ಮೆ ಕಿಣಿಗುಟ್ಟಿತು, ಬಾಗಿಲು ಇನ್ನಷ್ಟು ಬಿಗಿಯಿತು.

"ಇದೇನನ್ಯಾಯ! ನನ್ನ ದುಡ್ಡು! ನಾನು ಹೊಟ್ಟೆಬಟ್ಟೆ ಕಟ್ಟಿ ಉಳಿಸಿದ್ದು!"

ಹಾಡಹಗಲೇ ಕೋಣೆ ಮಬ್ಬಾಯಿತು. ಚಳಿ ನೆಲದಿಂದ ಮೇಲೇರಿ ಮಂಡಿ ಹಿಡಿಯಿತು. ಕಿಟಕಿಯ ಬಳಿ ಗುಂಡಿ ಹಾಕುತ್ತಿದ್ದ ಹೆಂಡತಿ ಸೂಜಿಯನ್ನು ನಿಲ್ಲಿಸಿದಳು.

"ಯಾರ ದುಡ್ಡು ಅಂದ್ರಿ?"

"ಅಂದ್ರೆ... ನಮ್ಮದು."

"ಯಾರ ಹೊಟ್ಟೆ, ಯಾರ ಬಟ್ಟೆ? ಈ ಬೆರಳು ನೋಡಿ, ಜರಡಿ ಆಗಿದೆ. ನನ್ನ ಕೂಲಿ ಎಷ್ಟು ಸೇರಿದೆ ಅಂತ ಒಂದಿನ ಬಾಯಿಬಿಟ್ಟು ಹೇಳಿದೀರಾ?"

"ಜಗಳ ಆಮೇಲೆ ಆಡೋಣ ಕಣೇ. ಅಂಗಡಿ ಕೈತಪ್ಪುತ್ತೆ!"

"ಸರೀರಿ ಆ ಕಡೆ." ಅವಳು ಬಂದು ಬೀರುವಿನ ಮೇಲೆ ಮೆಲ್ಲಗೆ ಬೆರಳಿನಿಂದ ಬಡಿದಳು, ನೆರೆಮನೆಯ ಬಾಗಿಲು ಬಡಿಯುವಂತೆ. "ದೊಡ್ಡಮ್ಮ, ನಾನು. ದುಡಿಯೋಕೆ ಒಂದು ಜಾಗ ಬೇಕಿತ್ತು. ದುಡ್ಡು ಪೋಲಾಗಲ್ಲ, ನಾನು ನೋಡ್ಕೋತೀನಿ."

ಬೀರು ನಿಧಾನವಾಗಿ ತೆರೆಯಿತು. ಒಳಗೆ ನೋಟಿನ ಕಟ್ಟಿಗೆ ಆ ಗಂಟುಗಂಟಿನ ದಾರ ಸುತ್ತಿಕೊಂಡು ಕುಳಿತಿತ್ತು. ಮಾಸ್ಟರರು ಕೈಹಾಕಿದರು. ದಾರ ಹಾವಿನಂತೆ ಹೊರಳಿ ಅವರ ಬೆರಳನ್ನು ಬಿಗಿಯಿತು. "ಅಯ್ಯಯ್ಯೋ!" ಹೆಂಡತಿ ಮುಟ್ಟಿದಳು. ದಾರ ಸಡಿಲಗೊಂಡು ಜಾರಿತು.

ಪೇಟೆಯ ಹಾದಿಯಲ್ಲಿ ಹೆಂಡತಿ ಹಣ ಹಿಡಿದು ಮುಂದೆ, ಮಾಸ್ಟರರು ಕೊಡೆ ಹಿಡಿದು ಹಿಂದೆ. ಚಪ್ಪಲಿಯವನು ಆಗಲೇ ಅಂಗಡಿಯಲ್ಲಿ ಕುಳಿತು ಗೋಡೆ ಅಳೆಯುತ್ತಿದ್ದ. ಹೆಂಡತಿ ಹಣವನ್ನು ಮುದುಕನ ಮುಂದಿಟ್ಟಳು. ಮುದುಕ ಎಣಿಸಿ ಮುಗಿಸಿ, "ದುಡ್ಡು ಕೊಟ್ಟ ಕೈಗೇ ಅಂಗಡಿ. ನನ್ನ ವ್ಯಾಪಾರ ಯಾವತ್ತೂ ಹಾಗೇನೇ. ನಿನ್ನ ಹೆಸರಿಗೇ ಬರೆಸ್ತೀನಿ ಕಣಮ್ಮ" ಎಂದ.

"ಅಲ್ಲ, ಅದು..." ಎಂದು ಮಾಸ್ಟರರು ಬಾಯಿ ತೆರೆದರು. ನೆತ್ತಿಗೇರುತ್ತಿದ್ದ ಬಿಸಿಲಿನಲ್ಲಿ, ಜನ ತುಂಬಿದ ಪೇಟೆಯಲ್ಲಿ, ಅವರ ಎಡ ಮೀಸೆಯ ಮೇಲೆ ತಣ್ಣನೆಯ ಉಸಿರು ಆಡಿತು. ದೊಡ್ಡಮ್ಮ ಮನೆ ಬಿಟ್ಟು ಜೊತೆಗೇ ಬಂದಿದ್ದಳು. ಮಾಸ್ಟರರು ಬಾಯಿ ಮುಚ್ಚಿದರು.

ಈಗ ಬೋರ್ಡು ತೂಗುತ್ತಿದೆ. ಅಂಗಡಿ ನಿಜಕ್ಕೂ ಒಂದಕ್ಕೆ ಎರಡಾಗಿ ನಡೆಯುತ್ತಿದೆ. ಮಾಲೀಕರ ಕುರ್ಚಿಯಲ್ಲಿ ಹೆಂಡತಿ ಕೂರುತ್ತಾಳೆ. ಅದರ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿಸಿದ್ದಾಳೆ. ಅದರಲ್ಲಿ ಯಾರೂ ಕೂರುವುದಿಲ್ಲ. ಗಿರಾಕಿಗಳು ಕೂರಲು ಹೋದರೆ ಏನೋ ತಣ್ಣಗೆ ತಗುಲಿದಂತಾಗಿ ಎದ್ದುಬಿಡುತ್ತಾರೆ. ಮಾಸ್ಟರರು ಎಂದಿನಂತೆ ನಿಂತೇ ಬಟ್ಟೆ ಕತ್ತರಿಸುತ್ತಾರೆ, ತಿಂಗಳ ಕೊನೆಗೆ ಹೆಂಡತಿಯ ಕೈಯಿಂದ ಸಂಬಳ ತೆಗೆದುಕೊಳ್ಳುತ್ತಾರೆ.

ಮೊನ್ನೆ ಧೈರ್ಯ ಮಾಡಿ ತಲೆ ಕೆರೆದುಕೊಂಡರು. "ಸಂಬಳ ಒಂಚೂರು ಜಾಸ್ತಿ ಮಾಡಿದ್ರೆ..."

"ನಾನೊಬ್ಬಳೇ ಹೇಗ್ರೀ ಹೇಳ್ಲಿ? ಇರಿ, ಕೇಳ್ತೀನಿ." ಅವಳು ಪಕ್ಕದ ಖಾಲಿ ಕುರ್ಚಿಯ ಕಡೆ ಬಾಗಿ ಏನೋ ಪಿಸುಗುಟ್ಟಿದಳು. ಬಹಳ ಹೊತ್ತು ಕಿವಿಗೊಟ್ಟಳು. ಮಾಸ್ಟರರ ಕಡೆ ಒಮ್ಮೆ ನೋಡಿದಳು. ಮತ್ತೆ ಕಿವಿಗೊಟ್ಟು, ಸೆರಗು ಬಾಯಿಗೆ ಅಡ್ಡ ಹಿಡಿದು ಕಿಸಕ್ಕನೆ ನಕ್ಕಳು.

"ಏನಂದ್ರು?" ಎಂದರು ಮಾಸ್ಟರರು ಕತ್ತರಿ ಕೆಳಗಿಟ್ಟು.

"ಬಿಡಿ. ನಿಮ್ಮ ಎದುರಿಗೆ ಹೇಳೋ ಮಾತಲ್ಲ ಅದು."